ಹಾಳೆಯ ಹಿಂಬದಿ: ಒಂದು ಆಟೋಗ್ರಾಫ್ ಪುಸ್ತಕದ ಪ್ರಕರಣ

ಇದು ಪರಿಚಯದವರೊಬ್ಬರ ಕಥೆ. ಹೆಸರು ಹಾಕಬೇಡಿ ಅಂದಿದ್ದಾರೆ. ರಾಯರು ಅನ್ನೋಣ. ಮಾರಿದವರು, ಕೊಂಡವರು ಯಾರೆಂದು ಗೊತ್ತಾಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ರಾಯರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. "ನನ್ನ ಪೆದ್ದುತನ ಬೇರೆ ಯಾರಿಗಾದರೂ ಉಪಯೋಗಕ್ಕೆ ಬರಲಿ" ಅಂದರು. ಆ ಪೆದ್ದುತನದಲ್ಲಿ ನನ್ನದೂ ಒಂದು ಪಾಲಿದೆ, ಅದು ಮುಂದೆ ಬರುತ್ತದೆ.

ಹಿನ್ನೆಲೆ

ರಾಯರು ಮೈಸೂರು ಕಡೆಯವರು. ನ್ಯೂಜೆರ್ಸಿಗೆ ಬಂದು ಮೂವತ್ತೈದು ವರ್ಷ ದಾಟಿದೆ. ಎಂಜಿನಿಯರ್ ಕೆಲಸದಿಂದ ನಿವೃತ್ತಿಯಾಗಿದೆ. ಬಂದ ಹೊಸದರಲ್ಲಿ ಆಫೀಸಿನ ಹಿರಿಯ ಅಮೆರಿಕನ್ ಒಬ್ಬರು 1930ರ ದಶಕದ ಜಾಝ್ ಬ್ಯಾಂಡ್ ಲೀಡರ್ ಬೆನ್ನಿ ಗುಡ್‌ಮನ್ನನ ಕ್ಯಾಸೆಟ್ ಕೊಟ್ಟು, ಕಾರಿನಲ್ಲಿ ಕೇಳಿಕೊಂಡು ಓಡಾಡಿ ಅಂದಿದ್ದರಂತೆ. ಆ ಕ್ಲಾರಿನೆಟ್ ಕಿವಿಗೆ ಬಿದ್ದದ್ದೇ ಬಿದ್ದದ್ದು, ರಾಯರು ಆ ಕಾಲದಿಂದ ವಾಪಸ್ ಬರಲೇ ಇಲ್ಲ. ಮೊದಲು ಕ್ಯಾಸೆಟ್, ಆಮೇಲೆ ಸಿಡಿ, ಆಮೇಲೆ 78 ಆರ್‌ಪಿಎಂನ ಹಳೆಯ ಗ್ರಾಮಫೋನ್ ತಟ್ಟೆಗಳು. ಕೊನೆಗೆ ಸಹಿಗಳು. ಸಹಿಯ ಹುಚ್ಚು ಹಿಡಿದವರಿಗೆ ಇದು ಗೊತ್ತಿರುತ್ತದೆ. ಹಾಡು ಎಲ್ಲರಿಗೂ ಸಿಗುತ್ತದೆ, ಆ ಮನುಷ್ಯನ ಕೈ ತಾಗಿದ ಕಾಗದ ಮಾತ್ರ ಒಂದೇ ಇರುತ್ತದೆ ಅನ್ನುವ ಆಸೆ ಅದು.

ಗುಡ್‌ಮನ್ನನದು ಬಿಗ್ ಬ್ಯಾಂಡ್. ಬಿಗ್ ಬ್ಯಾಂಡ್ ಅಂದರೆ ಹದಿನೈದು ಹದಿನೇಳು ಜನರ ತಂಡ. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್‌ಗಳ ಸಾಲು, ಹಿಂದೆ ಪಿಯಾನೋ, ಗಿಟಾರ್, ಬಾಸ್, ಡ್ರಮ್ಸ್. ಜನ ಬರುತ್ತಿದ್ದದ್ದು ಕುಣಿಯಲು. 1935ರ ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪ್ಯಾಲೊಮಾರ್ ಬಾಲ್‌ರೂಮಿನಲ್ಲಿ ಗುಡ್‌ಮನ್ ಬ್ಯಾಂಡಿಗೆ ಜನ ಹುಚ್ಚೆದ್ದು ಕುಣಿದರಲ್ಲ, ಅಲ್ಲಿಂದ ಈ ಕಾಲ ಶುರು ಅಂತ ಲೆಕ್ಕ. 1946ರ ಕೊನೆಗೆ ದೊಡ್ಡ ದೊಡ್ಡ ಬ್ಯಾಂಡುಗಳು ಒಂದರ ಹಿಂದೊಂದು ಮುಚ್ಚಿದವು. ಹನ್ನೊಂದು ವರ್ಷ, ಅಷ್ಟೇ.

ಆ ಹನ್ನೊಂದು ವರ್ಷದಲ್ಲಿ ಸಹಿ ಹಾಕುವುದೂ ಕೆಲಸದ ಒಂದು ಭಾಗವೇ ಆಗಿತ್ತು. ಹೋಟೆಲಿನಲ್ಲಿ ವಾರಗಟ್ಟಲೆ ಬಾರಿಸುತ್ತಿದ್ದರು. ನಡುವಿನ ಬಿಡುವಿನಲ್ಲಿ ಹುಡುಗಿಯರು ಪುಟ್ಟ ಪುಸ್ತಕ ಹಿಡಿದು ವೇದಿಕೆಯ ಅಂಚಿಗೆ ಬರುತ್ತಿದ್ದರು. ಜಿಮ್ಮಿ ಲನ್ಸ್‌ಫರ್ಡ್ ಎಂಬ ಬ್ಯಾಂಡ್ ಮಾಲೀಕ 1947ರ ಜುಲೈನಲ್ಲಿ ಕುಸಿದು ಸತ್ತದ್ದು ಆರೆಗಾನ್‌ನ ಸೀಸೈಡ್ ಊರಿನ ರೆಕಾರ್ಡ್ ಅಂಗಡಿಯಲ್ಲಿ, ಅಭಿಮಾನಿಗಳಿಗೆ ಸಹಿ ಹಾಕುತ್ತಿರುವಾಗ. ಆರ್ಟಿ ಶಾ ಎಂಬ ಬ್ಯಾಂಡ್ ಲೀಡರ್ ಥರದವರೂ ಇದ್ದರು. ಈ ಗುಂಪು, ಈ ಸಹಿ ಯಾವುದೂ ಬೇಡ ಅಂತ 1939ರಲ್ಲಿ ನ್ಯೂಯಾರ್ಕ್‌ನ ವೇದಿಕೆಯಿಂದ ಇಳಿದು ಮೆಕ್ಸಿಕೋಗೆ ಹೊರಟುಹೋದ ಮನುಷ್ಯ ಅವನು. ಇನ್ನು ಅಂಚೆಯಲ್ಲಿ ಫೋಟೋ ಕೇಳಿದರೆ ಬರುತ್ತಿದ್ದದ್ದರಲ್ಲಿ ಎಷ್ಟೋ ಸಲ ಸೆಕ್ರೆಟರಿಯ ಕೈಬರಹವೇ ಇರುತ್ತಿತ್ತು. ಕೆಲವೊಮ್ಮೆ ಸಹಿಯೇ ಅಚ್ಚಾಗಿರುತ್ತಿತ್ತು. ಅದಕ್ಕೇ ಅನುಭವಸ್ಥರು ಫೋಟೋಗಿಂತ ಆಟೋಗ್ರಾಫ್ ಪುಸ್ತಕದ ಪುಟವನ್ನು ಹೆಚ್ಚು ನಂಬುತ್ತಾರೆ. ಅದರಲ್ಲೂ ಲೀಡರ್ ಜೊತೆಗೆ ಸೈಡ್‌ಮನ್‌ಗಳು, ಅಂದರೆ ಸಾಲಿನಲ್ಲಿ ಕೂತು ಬಾರಿಸುವವರು, ಸಹಿ ಮಾಡಿದ್ದರೆ ಇನ್ನೂ ಒಳ್ಳೆಯದು. ಮೂರನೇ ಟ್ರಾಂಬೋನಿನವನ ಸಹಿಯನ್ನು ನಕಲು ಮಾಡಲು ಯಾರು ಕೂರುತ್ತಾರೆ?

ಇದೆಲ್ಲ ರಾಯರಿಗೆ ಓದಿ ಗೊತ್ತಿತ್ತು. ಗೊತ್ತಿದ್ದೂ ಹೀಗಾಯಿತು.

ಪೆಟ್ಟಿಗೆ

ಅಮೆರಿಕದಲ್ಲಿ ಎಸ್ಟೇಟ್ ಸೇಲ್ ಅಂತ ಇರುತ್ತದೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಪಾತ್ರೆಪಗಡಿಯಿಂದ ಹಿಡಿದು ಸೋಫಾವರೆಗೆ ಎಲ್ಲಕ್ಕೂ ಚೀಟಿ ಅಂಟಿಸಿ ಆ ಮನೆಯಲ್ಲೇ ಮಾರುತ್ತಾರೆ. ಉತ್ತರ ನ್ಯೂಜೆರ್ಸಿಯ ಅಂಥ ಒಂದು ಮನೆಯಲ್ಲಿ ರಾಯರಿಗೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಬೆಲೆ 1,400 ಡಾಲರ್, ಬಿಡಿಯಾಗಿ ಕೊಡುವುದಿಲ್ಲ, ವಾಪಸ್ ಇಲ್ಲ.

ಅಷ್ಟು ಬೆಲೆ ಯಾಕೆ ಅಂದರೆ ಮೇಲೆ ಒಂದು ಫ್ರೇಮ್ ಹಾಕಿದ ಫೋಟೋ ಇತ್ತು. ಆ ಕಾಲದ ಬಹಳ ಜನಪ್ರಿಯ ಬ್ಯಾಂಡ್ ಲೀಡರ್ ಗ್ಲೆನ್ ಮಿಲ್ಲರ್. ಸೂಟು, ಕನ್ನಡಕ, ಕೈಯಲ್ಲಿ ಟ್ರಾಂಬೋನ್. ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ಶುಭಾಶಯ, ಸಹಿ, 'ಕೆಫೆ ರೂಜ್, 1940' ಎಂದು ಬರಹ. ನ್ಯೂಯಾರ್ಕ್‌ನ ಹೋಟೆಲ್ ಪೆನ್ಸಿಲ್ವೇನಿಯಾದ ಕೆಫೆ ರೂಜ್‌ನಲ್ಲಿ ಮಿಲ್ಲರ್ ಬ್ಯಾಂಡ್ ಆ ವರ್ಷ ಬಾರಿಸಿದ್ದು ನಿಜ. ಫ್ರೇಮಿನ ಹಿಂದೆ ಸಹಿ ಅಸಲಿ ಅನ್ನುವ, ಬಂಗಾರದ ಬಣ್ಣದ ಮುದ್ರೆಯ ಒಂದು ಸರ್ಟಿಫಿಕೇಟು. ಯಾವುದೋ ಗ್ಯಾಲರಿ ಕೊಟ್ಟದ್ದು, ಈಗ ಆ ಗ್ಯಾಲರಿ ಇಲ್ಲ.

ಕೆಳಗೆ ಕೆಂಪು ರಟ್ಟಿನ ಪುಟ್ಟ ಆಟೋಗ್ರಾಫ್ ಪುಸ್ತಕ. ತಿಳಿ ಗುಲಾಬಿ, ತಿಳಿ ಹಸಿರು, ಬಿಳಿ ಹಾಳೆಗಳು, ಅಂಗೈಗಿಂತ ಸ್ವಲ್ಪ ದೊಡ್ಡವು. ಮೊದಲ ಪುಟದಲ್ಲಿ ಒಬ್ಬ ಹುಡುಗಿಯ ಹೆಸರು. ಆಮೇಲೆ ಗುಡ್‌ಮನ್ ಜೊತೆ ಬಾರಿಸುತ್ತಿದ್ದ ಲಯನೆಲ್ ಹ್ಯಾಂಪ್ಟನ್‌ನ ಒಂದು ಫೋಟೋ, ಕಪ್ಪು ಮಾರ್ಕರಿನಲ್ಲಿ ಸಹಿ. ತಳದಲ್ಲಿ ಹತ್ತು ಹನ್ನೆರಡು 78ರ ತಟ್ಟೆ, ಎರಡು ಒಡೆದಿದ್ದವು. (ಈ ತಟ್ಟೆಗಳು ಅರಗಿನವು. ಆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ಛೋಟಾ ನಾಗಪುರದ ಕಾಡುಗಳಿಂದ. 1942ರಲ್ಲಿ ಯುದ್ಧದ ದೆಸೆಯಿಂದ ಅರಗಿಗೆ ಬರ ಬಂದು ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳ ಪಾಲನ್ನು ಭಾರಿ ಕಡಿತ ಮಾಡಿತ್ತು. ರಾಯರು ಒಡೆದ ಚೂರು ತೋರಿಸಿ "ನೋಡಿ, ನಮ್ಮೂರ ಸಾಮಾನು" ಅನ್ನುತ್ತಾರೆ. ಮೈಸೂರಿಗೂ ಛೋಟಾ ನಾಗಪುರಕ್ಕೂ ಎಷ್ಟು ದೂರ ಅಂತ ನಾನು ಕೇಳುವುದಿಲ್ಲ.)

ಚಾಕು

ಪೆಟ್ಟಿಗೆ ಮನೆಗೆ ಬಂದ ಮರುದಿನ ರಾಯರ ಫೋನು. "ಪುಸ್ತಕದಲ್ಲಿ ಸಿನಾತ್ರಾ ಸಹಿ ಇದೆ ಮಾರಾಯರೆ. ಟಾಮಿ ಡಾರ್ಸಿ ಬ್ಯಾಂಡಿನ ಪುಟದಲ್ಲಿ. ಅದು ಮಾರಿಹೋಗುತ್ತಾ?"

ಫ್ರಾಂಕ್ ಸಿನಾತ್ರಾ ಅಂದರೆ ಮುಂದೆ ಅಮೆರಿಕದ ಬಹುದೊಡ್ಡ ಗಾಯಕನಾದವನು, ಮೊದಲು ಡಾರ್ಸಿ ಬ್ಯಾಂಡಿನಲ್ಲಿ ಹಾಡುತ್ತಿದ್ದ. ನಾನು ಆಗ ತರಕಾರಿ ಅಂಗಡಿಯಲ್ಲಿದ್ದೆ. "ಸಿನಾತ್ರಾ ಅಲ್ವಾ, ಕಣ್ಣು ಮುಚ್ಚಿ ಮಾರಿಹೋಗುತ್ತೆ" ಅಂದೆ. ಮಾರಿ ಅಂತ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಪುಟದಲ್ಲಿ ಇನ್ನೇನಿದೆ ಅಂತ ಕೇಳಲೇ ಇಲ್ಲ. ಇದು ನನ್ನ ಪಾಲು.

ರಾಯರಿಗೆ ಮನೆಯಲ್ಲಿ ಲೆಕ್ಕ ಒಪ್ಪಿಸಬೇಕಿತ್ತು. 1,400 ಡಾಲರ್ ರಟ್ಟಿನ ಪೆಟ್ಟಿಗೆಗೆ ಸುರಿದು ಬಂದವರಿಗೆ ಬೇರೆ ದಾರಿ ಏನಿದೆ. ಮಿಲ್ಲರ್ ಫೋಟೋ ಇಟ್ಟುಕೊಳ್ಳುವುದು, ಸಿನಾತ್ರಾ ಮಾರಿ ಅರ್ಧ ದುಡ್ಡು ಎತ್ತುವುದು ಅಂತ ತೀರ್ಮಾನಿಸಿದರು. ಹೀಗೆ ಪುಟದಿಂದ ಒಂದೇ ಸಹಿಯನ್ನು ಕತ್ತರಿಸಿ ಮಾರುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ. ಕತ್ತರಿಸಿದ ಚೂರನ್ನು ಒಂದು ದೊಡ್ಡ ಫೋಟೋದ ಕೆಳಗೆ ಇಟ್ಟು ಫ್ರೇಮ್ ಹಾಕುತ್ತಾರೆ, ಗೋಡೆಗೆ ಚೆನ್ನಾಗಿ ಕಾಣುತ್ತದೆ.

ಸಿನಾತ್ರಾ ಸಹಿ ಪುಟದ ಕೆಳಗೆ, ಎಡಮೂಲೆಯಲ್ಲಿತ್ತು. ಮೇಲೆ ನಡುವೆ ಡಾರ್ಸಿಯ ದೊಡ್ಡ ಸಹಿ, ಸುತ್ತ ಇನ್ನೂ ಐದಾರು ಜನ, ಜಾಗ ಉಳಿದ ಕಡೆ ಈ ಗಾಯಕ ಹುಡುಗ. ರಾಯರು ಎಂಜಿನಿಯರ್ ಅಲ್ವಾ, ಉಕ್ಕಿನ ಸ್ಕೇಲ್ ಇಟ್ಟು, ಹೊಸ ಬ್ಲೇಡ್ ಹಾಕಿದ ಚಾಕುವಿನಿಂದ ಮೂರು ಇಂಚು ಉದ್ದ, ಒಂದೂಕಾಲು ಇಂಚು ಅಗಲ ನೀಟಾಗಿ ಕತ್ತರಿಸಿದರು. ಒಂದು ಎಳೆ ಅತ್ತಿತ್ತ ಹೋಗಿಲ್ಲ. ಮೂರೇ ದಿನದಲ್ಲಿ ಬೇರೆ ರಾಜ್ಯದ ಒಬ್ಬರಿಗೆ 650 ಡಾಲರಿಗೆ ಹೋಯಿತು. ಆ ರಾತ್ರಿ ರಾಯರ ಮನೆಯಲ್ಲಿ ಶಾವಿಗೆ ಪಾಯಸ ಆಗಿತ್ತಂತೆ.

ನೀಲಿ ಶಾಯಿ

ಮೂರು ವಾರದ ನಂತರ ನಾನು ಅವರ ಮನೆಗೆ ಹೋದದ್ದು ಮಿಲ್ಲರ್ ಫೋಟೋ ನೋಡುವುದಕ್ಕೆ. ಜೊತೆಗೆ ಒಂದು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಒಂದು ಅಲ್ಟ್ರಾವಯಲೆಟ್ ಟಾರ್ಚು. ಎರಡೂ ಸೇರಿ ನಲವತ್ತು ಡಾಲರ್ ಆಗಲಿಕ್ಕಿಲ್ಲ.

ಫ್ರೇಮ್ ಬಿಚ್ಚಿ ಸಹಿಯ ಮೇಲೆ ಭೂತಗನ್ನಡಿ ಇಟ್ಟೆ. ಫೌಂಟನ್ ಪೆನ್ ಮಿರುಗುವ ಫೋಟೋ ಕಾಗದದ ಮೇಲೆ ಓಡಿದರೆ ಶಾಯಿ ಗೆರೆಯ ಅಂಚಿನಲ್ಲಿ ದಪ್ಪಗೆ ನಿಂತು ಒಣಗುತ್ತದೆ, ಒತ್ತಿ ಬರೆದ ಕಡೆ ನಿಬ್ಬಿನ ಎರಡು ಸೀಳು ಎರಡು ಗೆರೆಯಾಗಿ ಕಾಣುತ್ತವೆ. ಇಲ್ಲಿ ಅದ್ಯಾವುದೂ ಇರಲಿಲ್ಲ. ಗೆರೆಯ ಉದ್ದಕ್ಕೂ ಒಂದು ಸಣ್ಣ ಕಾಲುವೆ, ಚೆಂಡು ಉರುಳಿದ ಗುರುತು. ತಿರುವುಗಳಲ್ಲಿ ಜಿಗುಟು ಶಾಯಿಯ ಸಣ್ಣ ಗಂಟುಗಳು. ಬಾಲ್ ಪೆನ್.

ಅಮೆರಿಕದ ಅಂಗಡಿಯಲ್ಲಿ ಬಾಲ್ ಪೆನ್ ಮೊದಲು ಮಾರಾಟಕ್ಕೆ ಬಂದದ್ದು 1945ರ ಅಕ್ಟೋಬರ್ 29ರಂದು, ನ್ಯೂಯಾರ್ಕ್‌ನ ಗಿಂಬೆಲ್ಸ್ ಅಂಗಡಿಯಲ್ಲಿ, ಒಂದಕ್ಕೆ 12 ಡಾಲರ್ 50 ಸೆಂಟ್. ಗ್ಲೆನ್ ಮಿಲ್ಲರ್ ಇದ್ದ ವಿಮಾನ ಇಂಗ್ಲಿಷ್ ಕಾಲುವೆಯ ಮೇಲೆ ಕಾಣೆಯಾದದ್ದು 1944ರ ಡಿಸೆಂಬರ್ 15ರಂದು.

ರಾಯರು ಸುಮ್ಮನಾದರು. ಒಳಗೆ ಹೋಗಿ ಕಾಫಿ ತಂದರು. ವಾಪಸ್ ಬರುವಷ್ಟರಲ್ಲಿ ಒಂದು ವಾದ ತಯಾರಾಗಿತ್ತು. "ಬ್ರಿಟಿಷ್ ವಾಯುಪಡೆಯವರಿಗೆ ಯುದ್ಧದ ಕಾಲದಲ್ಲೇ ಬಾಲ್ ಪೆನ್ ಕೊಟ್ಟಿದ್ದರಂತೆ. ವಿಮಾನ ಮೇಲೆ ಹೋದಾಗ ಶಾಯಿ ಸೋರುವುದಿಲ್ಲ ಅಂತ. ಮಿಲ್ಲರ್ 1944ರಲ್ಲಿ ಇಂಗ್ಲೆಂಡಿನಲ್ಲೇ ಇದ್ದನಲ್ಲ?"

ಓದಿಕೊಂಡವರ ಕಷ್ಟ ಇದು. ಸತ್ತ ಆಸೆಗೂ ಒಂದು ಅಡಿಟಿಪ್ಪಣಿ ಹುಡುಕಿ ತರುತ್ತಾರೆ. ಅವರು ಹೇಳಿದ ಮಾತಿನಲ್ಲಿ ತಪ್ಪಿಲ್ಲ. ಆದರೆ ಫೋಟೋದ ಮೇಲೆ ಬರೆದಿರುವುದು 1940, ಕೆಫೆ ರೂಜ್. 1944ರ ಇಂಗ್ಲೆಂಡಿನ ಪೆನ್ನಿಗೆ 1940ರ ನ್ಯೂಯಾರ್ಕಿನ ರಾತ್ರಿ ಹೇಗೆ ಸಿಗುತ್ತದೆ?

ಆಮೇಲೆ ಪರದೆ ಎಳೆದು ಟಾರ್ಚು ಹಾಕಿದೆವು. ಫೋಟೋ ಕಾಗದದ ಹಿಂಬದಿ ಸಂಕ್ರಾಂತಿಗೆ ಸುಣ್ಣ ಬಳಿದ ಗೋಡೆಯ ಹಾಗೆ ನೀಲಿ ಬಿಳಿಯಾಗಿ ಹೊಳೆಯಿತು. ಕಾಗದ ಬೆಳ್ಳಗೆ ಕಾಣಲಿ ಅಂತ ಬೆರೆಸುವ ರಾಸಾಯನಿಕ ಅದು. ಫೋಟೋ ಕಾಗದಕ್ಕೆ ಅದು ಬಂದದ್ದು 1950ರ ದಶಕದಲ್ಲಿ. ಅಂದರೆ ಸಹಿ ಹಾಗಿರಲಿ, ಫೋಟೋ ಪ್ರಿಂಟೇ ಮಿಲ್ಲರ್ ಸತ್ತ ಮೇಲಿನದು. ಪಕ್ಕದಲ್ಲಿ ಆಟೋಗ್ರಾಫ್ ಪುಸ್ತಕದ ಹಾಳೆ ಇಟ್ಟು ನೋಡಿದೆವು. ಅದು ಮಂಕಾಗಿ, ಒಣಗಿದ ಎಲೆಯ ಹಾಗೆ ಸುಮ್ಮನಿತ್ತು.

ರಾಯರು ಆಗಲೂ ಬಿಡಲಿಲ್ಲ. ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟು ಅಭಿಪ್ರಾಯ ಹೇಳುವವರಿಗೆ ಕಳಿಸಿದರು. 'ಅಸಲಿ ಎನ್ನಲಾಗದು' ಅನ್ನುವ ಅರ್ಥದ ಒಂದು ಸಾಲು ಬಂತು. ಎಸ್ಟೇಟ್ ಸೇಲ್‌ನವರು ವಾಪಸ್ ಇಲ್ಲ ಅಂತ ಮೊದಲೇ ಹೇಳಿದ್ದರು, ಅದನ್ನೇ ಇನ್ನೊಮ್ಮೆ ಹೇಳಿದರು. ಬಂಗಾರದ ಮುದ್ರೆಯ ಬಗ್ಗೆ ನನ್ನ ಅನಿಸಿಕೆ ಇಷ್ಟೇ: ಸರ್ಟಿಫಿಕೇಟ್ ಕೊಟ್ಟವರು ಯಾರು, ಯಾವುದರ ಜೊತೆ ಹೋಲಿಸಿ ಹೇಳಿದರು, ತಪ್ಪಾದರೆ ದುಡ್ಡು ಕೊಡುತ್ತಾರಾ ಅನ್ನುವ ಮೂರು ವಿಷಯ ಅದರಲ್ಲಿ ಇಲ್ಲದಿದ್ದರೆ ಅದು ಮದುವೆ ಪತ್ರಿಕೆಗಿಂತ ಹೆಚ್ಚಿನದಲ್ಲ.

ಕಪ್ಪು ಮಾರ್ಕರ್

ಒಂದು ಸಲ ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಮುಂದಿನ ವಾರ ಹೋದಾಗ ಹ್ಯಾಂಪ್ಟನ್ ಫೋಟೋ ಹಳೆ ಪೇಪರಿನ ರಾಶಿಯ ಮೇಲಿತ್ತು. "ಮಾರ್ಕರ್ ಪೆನ್ನು. ಕಾಗದಾನೂ ಹೊಳೆಯುತ್ತೆ. ಅದೂ ಬೋಗಸ್" ಅಂದರು ರಾಯರು. ದನಿಯಲ್ಲಿ ಹೊಸದಾಗಿ ಕಲಿತವರ ಗತ್ತು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಈ ತಪ್ಪನ್ನು ನಾನು ಬಹಳ ಜನರಲ್ಲಿ ನೋಡಿದ್ದೇನೆ. ಬಾಲ್ ಪೆನ್ ಮಿಲ್ಲರ್ ಸಹಿಯನ್ನು ಸುಳ್ಳು ಮಾಡಿತು ಅಂದರೆ ಆ ಕಾಲದ ಎಲ್ಲರ ಸಹಿಯನ್ನೂ ಸುಳ್ಳು ಮಾಡುವುದಿಲ್ಲ. ಮಿಲ್ಲರ್ 1944ರಲ್ಲಿ ಹೋದ. ಅದೇ ಕಾಲದ ಬ್ಯಾಂಡಿನವರಾದ ಬನ್ನಿ ಬೆರಿಗನ್ 1942ರಲ್ಲಿ, ಚಿಕ್ ವೆಬ್ 1939ರಲ್ಲಿ. ಇವರಿಗೆ ಬಾಲ್ ಪೆನ್ ಸಿಗಲೇ ಇಲ್ಲ. ಟಾಮಿ ಡಾರ್ಸಿ 1956ರವರೆಗೆ ಇದ್ದ, ಬಾಲ್ ಪೆನ್ ಸಾಧ್ಯ. ಹ್ಯಾಂಪ್ಟನ್ 2002ರವರೆಗೆ ಬದುಕಿದ್ದ, ಮುಪ್ಪಿನಲ್ಲೂ ಊರೂರು ಸುತ್ತಿ ಬಾರಿಸುತ್ತಿದ್ದ. ಸಹಿ ಬೇಡ ಅಂದ ಆರ್ಟಿ ಶಾ 2004ರವರೆಗೆ. ಇವರ ವಿಷಯದಲ್ಲಿ ಮಾರ್ಕರ್ ಇದ್ದರೆ ಆಶ್ಚರ್ಯವೇ ಇಲ್ಲ. ನೋಡಬೇಕಾದದ್ದು ವಸ್ತು ಹಳೆಯದಾ ಅಂತಲ್ಲ. ಕಾಗದ, ಶಾಯಿ, ಕೈ ಈ ಮೂರೂ ಒಂದೇ ಕಾಲದವಾ ಅಂತ.

ಹ್ಯಾಂಪ್ಟನ್ ಫೋಟೋದಲ್ಲಿ ಅವನು ಮುದುಕ. ಕಾಗದ ಹೊಸದು, ಪೆನ್ ಹೊಸದು, ಮುಖವೂ ಅದೇ ಕಾಲದ್ದು. ಮೂರಕ್ಕೂ ಜಗಳವಿಲ್ಲ. ಅಷ್ಟಕ್ಕೇ ಅಸಲಿ ಅಂತಲ್ಲ, ಆದರೆ ಎಸೆಯುವ ಮೊದಲು ಯಾರಿಗೆ ಬರೆದದ್ದು ಅಂತ ಓದಿ ಅಂದೆ. ರಾಯರು ಓದಿದರು. ಒಬ್ಬ ಹೆಂಗಸಿನ ಹೆಸರು. ಎದ್ದು ಹೋಗಿ ಆಟೋಗ್ರಾಫ್ ಪುಸ್ತಕ ತಂದರು. ಮೊದಲ ಪುಟದ ಹುಡುಗಿಯದೇ ಹೆಸರು, ಕೊನೆಗೆ ಮಾತ್ರ ಬೇರೆ ಮನೆಹೆಸರು ಸೇರಿತ್ತು. ಎಸ್ಟೇಟ್ ಸೇಲ್ ನಡೆದ ಮನೆಯವರ ಹೆಸರು ಅದೇ.

ಆಮೇಲೆ ಪುಸ್ತಕ ತಿರುವಿದೆವು. ಗುಲಾಬಿ ಹಾಳೆಯೊಂದರಲ್ಲಿ ಬೆನ್ನಿ ಗುಡ್‌ಮನ್ ಸಹಿ, ಅದರ ಕೆಳಗೆ ಪೆನ್ಸಿಲ್‌ನಲ್ಲಿ ಲಯನೆಲ್ ಹ್ಯಾಂಪ್ಟನ್. ಹ್ಯಾಂಪ್ಟನ್ 1936ರಲ್ಲಿ ಗುಡ್‌ಮನ್ ಜೊತೆ ಸೇರಿ 1940ರಲ್ಲಿ ಬಿಟ್ಟು ಸ್ವಂತ ಬ್ಯಾಂಡ್ ಕಟ್ಟಿದ. ಬಿಳಿಯರ ಬ್ಯಾಂಡಿನಲ್ಲಿ ಕಪ್ಪು ಕಲಾವಿದ ಎಲ್ಲರೆದುರು ಕೂತು ಬಾರಿಸುವುದೇ ಆಗ ದೊಡ್ಡ ಸುದ್ದಿ. ಎಷ್ಟೋ ಊರುಗಳಲ್ಲಿ ಗುಡ್‌ಮನ್‌ಗೆ ರೂಮು ಕೊಟ್ಟ ಹೋಟೆಲಿನಲ್ಲಿ ಅವನಿಗೆ ಕೊಡುತ್ತಿರಲಿಲ್ಲ. ಆ ಗುಲಾಬಿ ಹಾಳೆಯಲ್ಲಿ ಮಾತ್ರ ಎರಡು ಹೆಸರಿಗೆ ನಡುವೆ ಅರ್ಧ ಇಂಚು ಜಾಗ.

ಹುಡುಗಿಯಾಗಿದ್ದಾಗ ಪೆನ್ಸಿಲ್ ಸಹಿ ಹಾಕಿಸಿಕೊಂಡವಳು ಅಜ್ಜಿಯಾದ ಮೇಲೆ ಹೋಗಿ ಅದೇ ಮನುಷ್ಯನಿಂದ ಮಾರ್ಕರ್ ಸಹಿ ಹಾಕಿಸಿಕೊಂಡಿದ್ದಾಳೆ. ಎರಡೂ ಒಂದೇ ಮೇಜಿನ ಮೇಲೆ. ಹೆಸರಿನ ಮೊದಲ ಅಕ್ಷರ ಎಳೆಯುವ ರೀತಿ ಮುಪ್ಪಿನಲ್ಲೂ ಹಾಗೇ ಇತ್ತು, ಗೆರೆ ಮಾತ್ರ ನಿಧಾನವಾಗಿತ್ತು. 1,400 ಡಾಲರಿನ ಪೆಟ್ಟಿಗೆಯಲ್ಲಿ ಮಿಲ್ಲರ್ ಫೋಟೋಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕಥೆ ಇದೆ ಅಂತ ನಮಗೆ ಹೊಳೆದದ್ದು ಆಗ. ಅಲ್ಲಿಯವರೆಗೆ ಇಬ್ಬರೂ ಆ ಪುಸ್ತಕವನ್ನು ಸಿನಾತ್ರಾ ಇದ್ದ ಪುಸ್ತಕ ಅಂತಲೇ ಕರೆಯುತ್ತಿದ್ದೆವು.

ಬನ್ನಿ

"ಡಾರ್ಸಿ ಪುಟ ತೋರಿಸಿ" ಅಂದೆ.

ತಿಳಿ ಹಸಿರು ಹಾಳೆ. ಕೆಳಗಿನ ಎಡಮೂಲೆಯಲ್ಲಿ ಚೌಕಾಕಾರದ ಕಿಟಕಿ. ಮೇಲ್ಗಡೆ ಹುಡುಗಿಯ ಕೈಯಲ್ಲಿ ಪೆನ್ಸಿಲ್ ಬರಹ: ಆಸ್ಟರ್, ಜೂನ್. ಟೈಮ್ಸ್ ಚೌಕದ ಹೋಟೆಲ್ ಆಸ್ಟರ್. ಅದರ ಮಾಳಿಗೆಯ ಮೇಲೆ ಬೇಸಿಗೆಯಲ್ಲಿ ಡಾರ್ಸಿ ಬ್ಯಾಂಡ್ ಬಾರಿಸುತ್ತಿತ್ತು. ವರ್ಷ ಬರೆದಿಲ್ಲ. ವರ್ಷ ಗೊತ್ತಿರುವ ವಯಸ್ಸಿನಲ್ಲಿ ಯಾರು ವರ್ಷ ಬರೆಯುತ್ತಾರೆ?

ಹಾಳೆ ತಿರುಗಿಸಿದೆ. ರಾಯರು ಈ ಹಾಳೆಯನ್ನು ತಿರುಗಿಸಿ ನೋಡಿಯೇ ಇರಲಿಲ್ಲ. ಹಿಂಬದಿಯಲ್ಲಿ ಮೇಲೆ ಬಡಿ ರಿಚ್, ಡ್ರಮ್ಸ್‌ನವನು. ಕೆಳಗೆ, ಕಿಟಕಿಗೆ ತಾಗಿಕೊಂಡು, ಫೌಂಟನ್ ಪೆನ್ನಿನ ಅಗಲ ಅಕ್ಷರಗಳಲ್ಲಿ 'ಬನ್ನಿ ಬೆರ್'. ಆಮೇಲೆ ಚಾಕುವಿನ ಅಂಚು.

"ಯಾರೋ ಬನ್ನಿ ಬನ್ನಿ ಅಂತ ಕರೀತಿದ್ದಾನೆ" ಅಂತ ರಾಯರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮುಖ ನೋಡಿ ಅವರೂ ನಿಲ್ಲಿಸಿದರು.

ಬನ್ನಿ ಬೆರಿಗನ್. ಆ ಕಾಲದ ಅತಿ ದೊಡ್ಡ ಟ್ರಂಪೆಟ್‌ಗಳಲ್ಲೊಂದು. ಕುಡಿತದಿಂದ ದೇಹ ಹಾಳಾಗಿ 1942ರ ಜೂನ್ 2ರಂದು ಸತ್ತಾಗ ವಯಸ್ಸು 33. ಸಹಿ ಸಿಗುವುದೇ ಅಪರೂಪ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಸಿನಾತ್ರಾ ಡಾರ್ಸಿ ಜೊತೆ ಇದ್ದದ್ದು 1940ರ ಜನವರಿಯಿಂದ 1942ರ ಸೆಪ್ಟೆಂಬರ್‌ವರೆಗೆ. ಬಡಿ ರಿಚ್ 1939ರ ಕೊನೆಯಲ್ಲಿ ಸೇರಿದವನು, ಅವನೂ 1942ರವರೆಗೆ ಇದ್ದ. ಹಾಗಾಗಿ ಇಬ್ಬರ ಸಹಿಯಿಂದ ಜೂನ್ ಯಾವ ವರ್ಷದ್ದು ಅಂತ ಹೇಳಲಾಗದು, ಮೂರು ಜೂನ್‌ಗಳಿವೆ. ಬೆರಿಗನ್ ಸ್ವಂತ ಬ್ಯಾಂಡ್ ಮುಳುಗಿ ಡಾರ್ಸಿ ಹತ್ತಿರ ವಾಪಸ್ ಬಂದದ್ದು 1940ರ ಮಾರ್ಚ್‌ನಲ್ಲಿ, ಬಿಟ್ಟದ್ದು ಅದೇ ಆಗಸ್ಟ್‌ನಲ್ಲಿ. ಅವನ ಹೆಸರು ಸೇರಿದ ಕೂಡಲೇ ಒಂದೇ ಜೂನ್ ಉಳಿಯುತ್ತದೆ. 1940.

ಇನ್ನೂ ಒಂದಿದೆ. ಬಿಲ್‌ಬೋರ್ಡ್ ಪತ್ರಿಕೆ ದೇಶದ ರೆಕಾರ್ಡ್ ಮಾರಾಟದ ಪಟ್ಟಿ ಹಾಕಲು ಶುರು ಮಾಡಿದ್ದು 1940ರ ಜುಲೈ 27ರ ಸಂಚಿಕೆಯಲ್ಲಿ. ಅದರ ಮೊದಲ ನಂಬರ್ ಒನ್ ಡಾರ್ಸಿ ಬ್ಯಾಂಡಿನ ರೆಕಾರ್ಡ್, ಹಾಡಿದ್ದು ಸಿನಾತ್ರಾ. ಈ ಸಹಿ ಅದಕ್ಕೂ ಹಿಂದಿನ ತಿಂಗಳದ್ದು. ಆ ರಾತ್ರಿ ಅವನು ಇನ್ನೂ ಬ್ಯಾಂಡಿನ ಹುಡುಗ, ಉಳಿದ ಮೂಲೆಯಲ್ಲಿ ಸಹಿ ಹಾಕಿದವನು. ಹೆಸರು ಮಾಡಿದ ದೊಡ್ಡ ಮನುಷ್ಯ ಹಿಂಬದಿಯಲ್ಲಿದ್ದ. ನಾವು ಇವತ್ತಿನ ಬೆಲೆ ಹಿಡಿದು ಒಬ್ಬನನ್ನು ಉಳಿಸಲು ಇನ್ನೊಬ್ಬನನ್ನು ನಡುವೆ ಸೀಳಿದೆವು. 'ಬೆರ್' ಅನ್ನುವುದನ್ನು ನಾನು ಬೆರಿಗನ್ ಅಂತ ಓದುತ್ತೇನೆ, ಆದರೆ ಕೊಳ್ಳುವವರಾಗಲಿ ದಾಖಲೆ ಇಡುವವರಾಗಲಿ ಅರ್ಧ ಹೆಸರನ್ನು ಯಾಕೆ ಒಪ್ಪುತ್ತಾರೆ.

ಏನೇನು ಮಾಡಿದೆವು

ಚೂರನ್ನು ವಾಪಸ್ ಕೊಳ್ಳುವುದು ಅಂತ ರಾಯರು ಹಟ ಹಿಡಿದರು. ಕೊಂಡವರಿಗೆ ಮೊದಲು ಬರೆದ ಪತ್ರ ನಾನು ನೋಡಿದೆ. 'ಮನೆಯವರಿಗೆ ಅದು ಬಹಳ ಇಷ್ಟವಾಗಿತ್ತು' ಅಂತ ಏನೋ ಕಟ್ಟುಕಥೆ. ಹರಿದು ಹಾಕಿ ಅಂದೆ. ಇದ್ದದ್ದನ್ನು ಇದ್ದ ಹಾಗೆ ಬರೆದರು: ನಾನು ಕತ್ತರಿಸಿದೆ, ಹಿಂಬದಿ ನೋಡಿರಲಿಲ್ಲ, ನಿಮ್ಮ ಹತ್ತಿರ ಇರುವ ಚೂರಿನ ಹಿಂದೆ ಇನ್ನೊಬ್ಬರ ಅರ್ಧ ಹೆಸರಿದೆ.

ಕೊಂಡವರು ಸಿನಾತ್ರಾ ಭಕ್ತರು. 2,000 ಡಾಲರ್ ಕೊಟ್ಟರೆ ಯೋಚಿಸುತ್ತೇನೆ ಅಂದರು. ತಪ್ಪು ಹೇಳಲಾರೆ, ನಾವೇ ಪತ್ರ ಬರೆದು ಅದರ ಬೆಲೆ ಏರಿಸಿದ್ದೆವು. ರಾಯರು ಕೊಡಲು ತಯಾರಿದ್ದರು. ಎರಡು ದಿನ ನಮ್ಮಿಬ್ಬರಿಗೂ ಜಗಳ. ನನ್ನ ಮಾತು ಇಷ್ಟೇ ಇತ್ತು. ಚೂರು ವಾಪಸ್ ಬಂದರೂ ಹಾಳೆ ಅಂಟುವುದಿಲ್ಲ. ಅಂಟಿಸಿದ ಹಾಳೆ ಕತ್ತರಿಸಿದ ಹಾಳೆಯೇ. ನಮಗೆ ಬೇಕಾದದ್ದು ಹಿಂಬದಿಯಲ್ಲಿ ಏನಿದೆ ಅನ್ನುವುದು. ಅದನ್ನು ಕೇಳೋಣ.

ಕೇಳಿದೆವು. ಅವರ ಫ್ರೇಮ್ ಅಂಗಡಿಯವನು ಕೆಲಸ ಬಲ್ಲವನು, ಚೂರನ್ನು ಪೂರ್ತಿ ಅಂಟಿಸದೆ ಮೇಲಂಚಿಗೆ ಮಾತ್ರ ತೆಳು ಜಪಾನಿ ಕಾಗದದ ಎರಡು ತುಂಡು ಗಂಜಿಯಿಂದ ಅಂಟಿಸಿ ತೂಗುಬಿಟ್ಟಿದ್ದ. ಹಿಂಬದಿ ಕಾಣುವಂತೆ ಎತ್ತಬಹುದು. ಗೋಂದು ಹಾಕಿ ಮೆತ್ತಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕೊಂಡವರು ಒಂದು ಷರತ್ತು ಹಾಕಿದರು: ಸ್ಕ್ಯಾನ್ ಕಳಿಸುತ್ತೇನೆ, ನಿಮ್ಮ ಕಡೆಯ ಹಾಳೆಯ ಎರಡೂ ಬದಿಯ ಸ್ಕ್ಯಾನ್ ನನಗೂ ಬೇಕು. ಯಾವ ರಾತ್ರಿ, ಯಾವ ಹೋಟೆಲು ಅಂತ ಅವರಿಗೂ ಗೊತ್ತಾಗಬೇಕಿತ್ತು. ನ್ಯಾಯವೇ.

ಅಷ್ಟರಲ್ಲಿ ಇತ್ತ ಪುಸ್ತಕದ ಆರೈಕೆ. ರಾಯರು ಅದನ್ನು ಸ್ಟೇಷನರಿ ಅಂಗಡಿಯ ಪಿವಿಸಿ ಕವರಿನಲ್ಲಿ ಇಟ್ಟಿದ್ದರು. ಆ ಪ್ಲಾಸ್ಟಿಕ್ಕು ಕಾಲಕ್ರಮದಲ್ಲಿ ಜಿಗುಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ತೆಗೆದು ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದೆವು. ಬಿಡಿ ಫೋಟೋಕ್ಕೆ ಪಾಲಿಯೆಸ್ಟರ್ ಕವರು. ಹ್ಯಾಂಪ್ಟನ್ ಗೋಡೆಗೆ ಹೋಯಿತು, ಆದರೆ ಬಿಸಿಲು ಬೀಳದ ಗೋಡೆಗೆ, ಮಾರ್ಕರ್ ಶಾಯಿ ಬೆಳಕಿಗೆ ಬೇಗ ಮಾಸುತ್ತದೆ. ಪ್ರತಿ ಹಾಳೆಯ ಎರಡೂ ಬದಿ, ಖಾಲಿ ಇದ್ದರೂ ಬಿಡದೆ, ಸ್ಕ್ಯಾನ್ ಮಾಡಿದೆವು. ಈ ಕೆಲಸ ಚಾಕು ಎತ್ತುವ ಮೊದಲು ಆಗಬೇಕಿತ್ತು. ಒಂದು ಸಂಜೆ ಸಾಕಾಗಿತ್ತು.

ಪುಸ್ತಕ ಈಗ ಒಂದು ವಿಶ್ವವಿದ್ಯಾಲಯದ ಸಂಗೀತ ಸಂಗ್ರಹಕ್ಕೆ ಹೋಗುವ ಹಾದಿಯಲ್ಲಿದೆ. ನ್ಯೂಜೆರ್ಸಿಯವರಿಗೆ ಈ ವಿಷಯದಲ್ಲಿ ಅದೃಷ್ಟ, ನೆವಾರ್ಕ್‌ನ ರಟ್ಗರ್ಸ್‌ನಲ್ಲಿ ಜಾಝ್‌ಗೆಂದೇ ದೊಡ್ಡ ಸಂಗ್ರಹವಿದೆ, ಗುಡ್‌ಮನ್ ಕಾಗದಪತ್ರಗಳು ಯೇಲ್‌ನಲ್ಲಿವೆ, ಹೋಲಿಸಿ ನೋಡಬೇಕು ಅನ್ನುವವರಿಗೆ ದೂರವಿಲ್ಲ. ರಾಯರು ಪುಸ್ತಕ ತೋರಿಸಿದಲ್ಲಿ ಮೊದಲು ಕೇಳಿದ್ದು ಯಾವ ಸ್ಟಾರ್ ಇದ್ದಾನೆ ಅಂತಲ್ಲ. ಪೆನ್ಸಿಲ್ ಬರಹ ಯಾರದ್ದು, ಪುಸ್ತಕ ಯಾರ ಮನೆಯಿಂದ ಬಂತು ಅಂತ. ಎಸ್ಟೇಟ್ ಸೇಲ್‌ನ ರಸೀದಿ ರಾಯರು ಎಸೆದಿರಲಿಲ್ಲ, ಪುಣ್ಯ. ಲೆಕ್ಕ ನೋಡಿದರೆ 1,400 ಹೋಗಿ 650 ಬಂತು. ಮಿಲ್ಲರ್ ಫೋಟೋ ಇನ್ನೂ ರಾಯರ ಓದುವ ಕೋಣೆಯಲ್ಲಿದೆ, ಹಿಂದೆ ಪೆನ್ಸಿಲ್‌ನಲ್ಲಿ 'ನಕಲಿ' ಅಂತ ಬರೆದಿದ್ದಾರೆ, ಮುಂದೆ ಯಾರಾದರೂ ಇನ್ನೊಂದು ಎಸ್ಟೇಟ್ ಸೇಲ್ ಮಾಡಿದಾಗ ಇನ್ನೊಬ್ಬರು ಮೋಸ ಹೋಗದಿರಲಿ ಅಂತ.

ಸ್ಕ್ಯಾನ್ ಬಂದ ದಿನ

ನಮ್ಮ ಹಾಳೆಯ ಹಿಂಬದಿಯಲ್ಲಿ, 'ಬನ್ನಿ ಬೆರ್' ಕೆಳಗೆ, ಹುಡುಗಿಯ ಪೆನ್ಸಿಲ್ ಬರಹವೂ ಅರ್ಧ ಇತ್ತು. 'ಮಳೆ. ಕೊನೆಯ' ಅಂತ. ಅಲ್ಲಿಗೆ ಕಿಟಕಿ. ರಾಯರು ಇದರ ಮೇಲೆ ತಿಂಗಳುಗಟ್ಟಲೆ ಯೋಚಿಸಿದ್ದರು. ಕೊನೆಯ ಹಾಡು, ಕೊನೆಯ ಕುಣಿತ, ಕೊನೆಯ ಭೇಟಿ. ಪ್ರತಿ ವಾರ ಒಂದು ಹೊಸ ಕಥೆ. ಹುಡುಗನೊಬ್ಬ ಯುದ್ಧಕ್ಕೆ ಹೊರಟಿದ್ದ ಅನ್ನುವವರೆಗೆ ಹೋಗಿತ್ತು, ಅಮೆರಿಕ ಯುದ್ಧಕ್ಕೆ ಇಳಿದದ್ದೇ 1941ರ ಡಿಸೆಂಬರ್‌ನಲ್ಲಿ ಅಂತ ನಾನು ನೆನಪಿಸಬೇಕಾಯಿತು.

ಸ್ಕ್ಯಾನ್ ಬಂದಾಗ ನಾನು ಅವರ ಮನೆಯಲ್ಲೇ ಇದ್ದೆ. ಕಂಪ್ಯೂಟರಿನಲ್ಲಿ ಎರಡು ಚಿತ್ರವನ್ನೂ ಪಕ್ಕಪಕ್ಕ ತಂದು ಅಂಚಿಗೆ ಅಂಚು ಕೂರಿಸಿದರು. ಎಂಜಿನಿಯರ್ ಕತ್ತರಿಸಿದ್ದಲ್ವಾ, ಕೂದಲೆಳೆಯಷ್ಟೂ ಸಂದಿಲ್ಲ. 'ಬೆರ್' ಪಕ್ಕ 'ಇಗನ್' ಬಂದು ಕೂತಿತು, ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಎಳೆದಿತ್ತು. ರಾಯರು ಅದನ್ನು ಒಂದು ಕ್ಷಣ ನೋಡಿ ಕೆಳಗಿನ ಪೆನ್ಸಿಲ್ ಸಾಲಿಗೆ ಜಾರಿದರು.

'ಮಳೆ. ಕೊನೆಯ ಬಸ್ಸು ತಪ್ಪಿತು. ಫೆರಿ.'

ನ್ಯೂಯಾರ್ಕ್‌ನ ನಲವತ್ತೆರಡನೇ ಬೀದಿಯ ತುದಿಯಿಂದ ಹಡ್ಸನ್ ನದಿ ದಾಟಿ ನ್ಯೂಜೆರ್ಸಿಯ ವೀಹಾಕನ್‌ಗೆ ಆಗ ಫೆರಿ ಓಡುತ್ತಿತ್ತು. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ಹೊತ್ತಿನಲ್ಲಿ ಮಳೆಯಲ್ಲಿ ನೆನೆದುಕೊಂಡು ಬಂದರೆ ಮನೆಯಲ್ಲಿ ಸರಿಯಾಗಿ ಬೈದಿರುತ್ತಾರೆ" ಅಂದರು.